ಹಿತ್ತಲಲ್ಲಿ ನಿಂತ ಹಳೇ ಕಾರಿಗೆ ಬೆಲೆ ಕಟ್ಟುವ ಮೊದಲು

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ತಳಕು ದಾಟಿ ಮುಂದೆ ಹೋದರೆ ಬಿ.ಜಿ. ಕೆರೆ ಸಿಗುತ್ತದೆ. ಮೊಳಕಾಲ್ಮೂರು ತಾಲೂಕಿನ ಊರು. ಈ ಕಡೆ ಶೇಂಗಾ ವ್ಯಾಪಾರ, ಎಣ್ಣೆ ಮಿಲ್ಲು, ರೇಷ್ಮೆ ಸೀರೆಯ ವಹಿವಾಟು ಜೋರಾಗಿದ್ದ ಕಾಲದಲ್ಲಿ ಅನುಕೂಲಸ್ಥರ ಮನೆ ಮುಂದೆ ಒಂದು ಅಂಬಾಸಿಡರ್ ಅಥವಾ ಫಿಯೆಟ್ ನಿಂತಿರುತ್ತಿತ್ತು. ಮದುವೆಗೂ ಅದೇ, ನಡುರಾತ್ರಿ ಹೆರಿಗೆ ನೋವು ಬಂದರೂ ಅದೇ. ಮುಂದೆ ಯಜಮಾನರು ತೀರಿಕೊಂಡರು, ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದರು. ಕಾರು ಹಿತ್ತಲ ಬೇವಿನ ಮರದಡಿ ಉಳಿಯಿತು. ಇಂಥ ಕಾರು ಈ ಒಂದೂರಿನದಲ್ಲ, ನಮ್ಮ ಎಷ್ಟೋ ಮನೆಗಳ ಕಥೆ.

ಒಂದು ದಿನ ಮಕ್ಕಳೆಲ್ಲ ಸೇರಿದಾಗ ಮಾತು ಬರುತ್ತದೆ. "ಅಬ್ಬಾನ ಕಾರನ್ನು ಸರಿ ಮಾಡಿಸೋಣ" ಎನ್ನುತ್ತಾನೆ ಒಬ್ಬ. "ಗುಜರಿಗೆ ಹಾಕಿ ಜಾಗ ಖಾಲಿ ಮಾಡು" ಎನ್ನುತ್ತಾನೆ ಇನ್ನೊಬ್ಬ. ಈಗ ನಿಂತಿರುವ ಸ್ಥಿತಿಯಲ್ಲಿ ಅದರ ಬೆಲೆ ಎಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಜಗಳ ಹುಟ್ಟುವುದು ಇಲ್ಲಿಂದಲೇ. ತಮ್ಮ ಸ್ವಂತ ದುಡ್ಡು ಸುರಿದು ಕಾರನ್ನು ಹೊಳೆಯುವಂತೆ ಮಾಡುತ್ತಾನೆ. ಎರಡು ವರ್ಷದ ನಂತರ ಅಣ್ಣನಿಗೂ ಅಕ್ಕನಿಗೂ ಅದರಲ್ಲಿ ಪಾಲು ನೆನಪಾಗುತ್ತದೆ. ಪಾಲು ಯಾವ ಬೆಲೆಯ ಮೇಲೆ? ಬೇವಿನ ಮರದಡಿ ಇದ್ದಾಗಿನದೋ, ಹೊಸ ಬಣ್ಣ ಬಳಿದ ಮೇಲಿನದೋ?

ತೀರಿಹೋದ ತಂದೆಯ ಆಸ್ತಿಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆಲ್ಲ ಪಾಲಿದೆ ಎಂಬುದು ನಮ್ಮ ಓದುಗರಿಗೆ ಹೊಸತಲ್ಲ. ಹೊಲ, ಮನೆ, ಚಿನ್ನದ ವಿಷಯದಲ್ಲಿ ಅದನ್ನು ನೆನೆಯುವವರು ಕೆಟ್ಟುನಿಂತ ಕಾರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದ್ದರಿಂದ ಸ್ಪ್ಯಾನರ್ ಮುಟ್ಟುವ ಮೊದಲು ನಾಲ್ಕು ಫೋಟೊ ತೆಗೆಯಿರಿ. ತಿಳಿದ ಮೆಕ್ಯಾನಿಕ್ ಒಬ್ಬರಿಂದ ಮತ್ತು ಗುಜರಿ ವ್ಯಾಪಾರಿ ಒಬ್ಬರಿಂದ ಬೆಲೆ ಕೇಳಿ. ಎಲ್ಲರೂ ಒಪ್ಪಿದ ಮೊತ್ತವನ್ನು ಬರೆದು ಸಹಿ ಹಾಕಿಸಿ, ತಾಯಿಯದೂ ಸಹೋದರಿಯರದೂ ಸೇರಿ. ಕಾರನ್ನು ಇಟ್ಟುಕೊಳ್ಳುವವನು ಉಳಿದವರ ಪಾಲಿನ ಹಣ ಕೊಟ್ಟುಬಿಟ್ಟರೆ ಮುಂದಿನ ಖರ್ಚೂ ಅವನದೇ, ಲಾಭವೂ ಅವನದೇ.

ಮೊದಲು ಕಾಗದ, ಆಮೇಲೆ ಬಾನೆಟ್

ಕಾರು ನೋಡಲು ಹೋದವರು ನೇರ ಬಾನೆಟ್ ಎತ್ತುತ್ತಾರೆ. ನನ್ನ ಕೇಳಿದರೆ ಮೊದಲು ಬೀರು ತೆಗೆದು ಆರ್‌ಸಿ ಹುಡುಕಬೇಕು. ಅದರಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಕಾರಿನ ಮೇಲೆ ಕೊರೆದಿರುವುದಕ್ಕೆ ತಾಳೆಯಾಗಬೇಕು. ಹಿಂದೆ ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ನಮೂದಿಸದೆ ಬಿಟ್ಟ ಕಾರುಗಳು ಎಷ್ಟೋ ಇವೆ. ನಂಬರ್ ಹೊಂದದ ಕಾರು ಎಷ್ಟೇ ಚೆಂದವಿರಲಿ, ಅದರ ಬೆಲೆ ಗುಜರಿ ಬೆಲೆಗೆ ಹತ್ತಿರವೇ.

ಮಾಲೀಕರು ತೀರಿಕೊಂಡಿದ್ದರೆ ನಮೂನೆ 31ರಲ್ಲಿ ಅರ್ಜಿ ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದಕ್ಕೆ ನಿಯಮದಲ್ಲಿರುವ ಅವಧಿ ಮೂರು ತಿಂಗಳು. ನಮ್ಮಲ್ಲಿ ಮೂವತ್ತು ವರ್ಷವಾದರೂ ಅಬ್ಬಾನ ಹೆಸರೇ ಇರುತ್ತದೆ! ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಎಂಬ ನಿಯಮವೂ ಇದೆ. ನಿಮ್ಮ ಕಾರಿಗೆ ಒಟ್ಟು ಎಷ್ಟಾಗುತ್ತದೆಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಅದನ್ನು ದುರಸ್ತಿ ಖರ್ಚಿನ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

50 ವರ್ಷ ದಾಟಿದ, ಮೂಲರೂಪ ಕೆಡದ ಕಾರುಗಳಿಗೆ 2021ರ ಕೇಂದ್ರ ನಿಯಮದಂತೆ 'ವಿಂಟೇಜ್' ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನವೂ ಓಡಿಸುವಂತಿಲ್ಲ.

ಬರದ ನಾಡಿನ ಒಂದು ಉಪಕಾರ

ಇನ್ನು ಕಾರು. ಅಂಬಾಸಿಡರ್, ಪದ್ಮಿನಿ ಎರಡಕ್ಕೂ ಲಾರಿಯಂತೆ ಬೇರೆ ಚೌಕಟ್ಟಿಲ್ಲ. ಒಡಲ ತಗಡೇ ಭಾರ ಹೊರುತ್ತದೆ. ಹಾಗಾಗಿ ತಗಡು ಕೊಳೆತರೆ ಕಾರೇ ಕೊಳೆತಂತೆ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿ ಮಾಡಬಹುದು. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದು ಅಳತೆ ತಪ್ಪದಂತೆ ಕೂರಿಸುವುದು ತಿಂಗಳುಗಟ್ಟಲೆಯ ಕೆಲಸ, ದುಡ್ಡು ಹೆಚ್ಚು ಹೋಗುವುದೂ ಅಲ್ಲೇ.

ಈ ವಿಷಯದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಒಂದು ಅನುಕೂಲವಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯಾದರೆ ಹೆಚ್ಚು. ಮಂಗಳೂರಿನಲ್ಲಿ ಅದರ ಆರೇಳು ಪಟ್ಟು ಸುರಿಯುತ್ತದೆ, ಜೊತೆಗೆ ಕಡಲಿನ ಉಪ್ಪುಗಾಳಿ ಬೇರೆ. ಉಳ್ಳಾಲದಲ್ಲಿ ಹತ್ತು ವರ್ಷ ಬಯಲಲ್ಲಿ ನಿಂತ ಕಾರಿಗೂ ಬಿ.ಜಿ. ಕೆರೆಯಲ್ಲಿ ಹತ್ತು ವರ್ಷ ನಿಂತ ಕಾರಿಗೂ ಒಂದೇ ಬೆಲೆ ಕಟ್ಟಲಾಗದು. ಬೆಳೆಗೆ ಮುನಿದ ಆಕಾಶ ತಗಡನ್ನು ಕಾಯುತ್ತದೆ. ಆದರೆ ಇಲ್ಲಿನ ಬಿಸಿಲು ಬಣ್ಣ, ಸೀಟಿನ ರೆಕ್ಸಿನ್, ಗಾಜಿನ ಸುತ್ತಲ ರಬ್ಬರು, ಟೈರು ಎಲ್ಲವನ್ನೂ ಸೀಳಿಬಿಡುತ್ತದೆ. ಇವೆಲ್ಲ ಬದಲಾಯಿಸಬಹುದಾದವು ಎಂಬುದೇ ಸಮಾಧಾನ.

ಒಣ ನಾಡೆಂದು ನೋಡದೆ ಬಿಡಬೇಡಿ. ಮರದಡಿಯ ಕಾರಿನಲ್ಲಿ ಉದುರಿದ ಎಲೆ ಸಂದುಗಳಲ್ಲಿ ಕೂತು, ಬಂದ ಸ್ವಲ್ಪ ಮಳೆಯನ್ನೇ ಹಿಡಿದಿಟ್ಟು ತುಕ್ಕು ಹಿಡಿಸುತ್ತದೆ. ಕಾಲ ಬಳಿಯ ಮ್ಯಾಟ್ ಎತ್ತಿ ನೋಡಿ. ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ತಳ, ಬ್ಯಾಟರಿ ಕೂರುವ ಜಾಗ, ಹಿಂದಿನ ಪ್ಲೇಟುಗಳನ್ನು ಕಾರಿಗೆ ಬಿಗಿದಿರುವ ಜಾಗ, ಇಷ್ಟನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ಪರೀಕ್ಷಿಸಿ. ಒಳಗೆ ಹೋದರೆ ಉತ್ತರ ಸಿಕ್ಕಿತೆಂದೇ ಲೆಕ್ಕ. ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಆಡಿಸಿ. ದಪ್ಪಗೆ ಪುಟ್ಟಿ ಮೆತ್ತಿದ ಕಡೆ ಅದು ಕಚ್ಚುವುದಿಲ್ಲ.

ಎಂಜಿನ್ ಬಗ್ಗೆ ಒಂದೇ ಎಚ್ಚರಿಕೆ: ಹೊಸ ಬ್ಯಾಟರಿ ತಂದು ಚಾವಿ ತಿರುಗಿಸುವ ಉತ್ಸಾಹ ಬೇಡ. ಪೆಟ್ರೋಲ್ ಎಂಜಿನ್ನಾದರೆ ಪ್ಲಗ್ ಬಿಚ್ಚಿ ಸಿಲಿಂಡರ್‌ಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಬಿಡಿ, ಆಮೇಲೆ ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ಬೆಲೆ ಒಂದು ಮೆಟ್ಟಿಲು ಮೇಲೆ. ವರ್ಷಗಟ್ಟಲೆ ನಿಂತ ಕಾರಿನ ಬ್ರೇಕು, ಪೆಟ್ರೋಲ್ ಟ್ಯಾಂಕು, ಇಲಿ ಕಡಿದ ವೈರಿಂಗು, ಐದು ಟೈರು ಇವುಗಳ ಖರ್ಚು ಇದ್ದೇ ಇದೆ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪುಗಳನ್ನು ಉಳಿಸಿಕೊಳ್ಳುವಂತಿಲ್ಲ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಲಕ್ಷಾಂತರ ಓಡಿದ ಕಾರಾದ್ದರಿಂದ ಎಂಜಿನ್ನಿನ ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಸಿಗುತ್ತವೆ. ಸಿಗದೆ ಕಾಡುವುದು ಹಳೇ ಮಾದರಿಯ ಗ್ರಿಲ್, ದೀಪದ ಬಳೆ, ಬಾಗಿಲ ಹಿಡಿಕೆ, ಲಾಂಛನದಂಥ ಸಣ್ಣ ವಸ್ತುಗಳು. ಇವು ಕಾರಿನ ಮೇಲೇ ಇದ್ದರೆ ಅದೂ ಬೆಲೆಯೇ.

ಈಗ ಲೆಕ್ಕಕ್ಕೆ ಬನ್ನಿ. ಸರಿಯಾದ ಮೇಲೆ ಅದೇ ಮಾದರಿಯ ಕಾರು ಎಷ್ಟಕ್ಕೆ ಹೋಗುತ್ತದೆಂದು ಮೊದಲು ವಿಚಾರಿಸಿ. ಮೂರು ಲಕ್ಷ ಎಂದುಕೊಳ್ಳೋಣ. ದುರಸ್ತಿ, ಕಾಗದ ಎಲ್ಲ ಸೇರಿ ಎರಡೂವರೆ ಲಕ್ಷವೆಂದು ಮೆಕ್ಯಾನಿಕ್ ಹೇಳಿದರೆ ಉಳಿಯುವುದು ಐವತ್ತು ಸಾವಿರ. ಇಂಥ ಕೆಲಸ ಹೇಳಿದ ಖರ್ಚಿಗೆ ಮುಗಿದದ್ದು ಅಪರೂಪ, ಆದ್ದರಿಂದ ಅಷ್ಟೂ ಹಣ ಕೈಗೆ ಬರುತ್ತದೆಂದು ನಂಬಬೇಡಿ. ಹಾಗೆಂದು ಈಗಿನ ಬೆಲೆ ಗುಜರಿಯವನು ತೂಕಕ್ಕೆ ಕೊಡುವುದಕ್ಕಿಂತ ಕೆಳಗಿಳಿಯದು. ಹೆಚ್ಚಿನ ಹಳೇ ಕಾರುಗಳಲ್ಲಿ ಖರ್ಚೇ ಮಾರಾಟದ ಬೆಲೆಯನ್ನು ಮೀರುತ್ತದೆ. ಆ ಮೀರಿದ ಮೊತ್ತವೇ ಅಬ್ಬಾನ ನೆನಪಿಗೆ ನೀವು ಕೊಡುವ ಬೆಲೆ. ಕೊಡುವ ಶಕ್ತಿಯಿದ್ದರೆ ಸಂತೋಷದಿಂದ ಕೊಡಿ. ಮಗಳ ಕಾಲೇಜು ಫೀಸಿಗೆ ಇಟ್ಟ ದುಡ್ಡಿನಿಂದ, ಸಾಲ ತಂದು, ಮುಂದೆ ಮಾರಿದರೆ ಲಾಭ ಬರುತ್ತದೆಂದು ಹೆಂಡತಿಗೆ ಹೇಳಿ ಮಾಡಬೇಡಿ.

ಬೇಡವೆಂದು ತೀರ್ಮಾನವಾದರೆ ಕಾರನ್ನು ಸುಮ್ಮನೆ ಗುಜರಿಯವನಿಗೆ ಎಳೆದುಕೊಂಡು ಹೋಗಲು ಬಿಡಬಾರದು. ಕಡತದಲ್ಲಿ ಅದಿನ್ನೂ ಅಬ್ಬಾನ ಹೆಸರಿನಲ್ಲೇ ಇರುತ್ತದೆ. ನಂಬರ್ ಪ್ಲೇಟೋ ಎಂಜಿನ್ನೋ ಎಲ್ಲಿಗಾದರೂ ಸೇರಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಸರಕಾರದಲ್ಲಿ ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಟ್ಟು, ಅವರು ಕೊಡುವ ಠೇವಣಿ ಪ್ರಮಾಣಪತ್ರ ಪಡೆದು, ಆರ್‌ಟಿಒದಲ್ಲಿ ನೋಂದಣಿ ರದ್ದಾಯಿತೇ ಎಂದು ಖಚಿತಪಡಿಸಿಕೊಳ್ಳಿ. ಬಂದ ಹಣ ಎಷ್ಟೇ ಚಿಕ್ಕದಿರಲಿ, ಅದರಲ್ಲೂ ಅಕ್ಕತಂಗಿಯರ ಪಾಲಿದೆ.