ಇನ್ನೊಂದು ಸಿಡ್ನಿಯ ದಾರಿ

‘ಕ್ಲಾಸ್ ಎಲ್ಲಿ ನಡೀತಿತ್ತು?’ ಎಂದು ಕೇಳಿದ್ದಕ್ಕೆ ಹಾವೇರಿ ಜಿಲ್ಲೆಯ ಆ ಹುಡುಗ, ‘ಟಾಕೀಸಿನ್ಯಾಗ್ರೀ ಸರ್’ ಎಂದ. ನಿಜವಾಗಿಯೂ ಹಾಗೇ ನಡೆದಿತ್ತು. ಕೇಪ್ ಬ್ರೆಟನ್ ವಿಶ್ವವಿದ್ಯಾಲಯಕ್ಕೆ ವಿದೇಶಿ ವಿದ್ಯಾರ್ಥಿಗಳು ನುಗ್ಗಿದ ಭರಕ್ಕೆ ಕೊಠಡಿಗಳು ಸಾಲದೆ, ಊರಿನ ಮಲ್ಟಿಪ್ಲೆಕ್ಸನ್ನೇ ಬಾಡಿಗೆಗೆ ಹಿಡಿದು ಪಾಠ ಮಾಡಿದ್ದರು. ‘ಖುರ್ಚಿ ಮೆತ್ತಗ ಇದ್ವು. ಕೋಲಾ ಇಡಾಕ ತೂತು ಇತ್ತು, ನೋಟ್‌ಬುಕ್ ಇಡಾಕ ಜಾಗಾ ಇರ್ಲಿಲ್ಲ. ತೊಡಿ ಮ್ಯಾಲ ಇಟ್ಕೊಂಡು ಬರೀತಿದ್ವಿ.’ ಸಿನಿಮಾ ಪರದೆಯ ಮೇಲೆ ಸಪ್ಲೈ ಚೈನ್ ಚಾರ್ಟು, ಬಾಗಿಲಾಚೆಯಿಂದ ಪಾಪ್‌ಕಾರ್ನ್ ವಾಸನೆ. 2025ರ ಬೇಸಿಗೆಯಲ್ಲಿ ಅವನು ಇದನ್ನು ಹೇಳುತ್ತಿದ್ದಾಗ ನಾವು ನಿಂತಿದ್ದು ಕೆನಡಾದ ಪೂರ್ವ ಅಂಚಿನ ಸಿಡ್ನಿಯಲ್ಲಿ. ನೋವಾ ಸ್ಕಾಟಿಯಾ ಪ್ರಾಂತ್ಯದ ಸಿಡ್ನಿ ಅದು.

ಈ ಊರಿನ ಹಿನ್ನೆಲೆ ಓದಿದರೆ ಟಾಕೀಸಿನ ಪಾಠದ ಗುಟ್ಟು ತಿಳಿಯುತ್ತದೆ. ನೂರು ವರ್ಷ ಕಲ್ಲಿದ್ದಲು ಮತ್ತು ಉಕ್ಕನ್ನು ನಂಬಿ ಬದುಕಿದ ಊರು. 2001ರಲ್ಲಿ ಉಕ್ಕಿನ ಕಾರ್ಖಾನೆಯೂ ಮುಚ್ಚಿತು, ಸರ್ಕಾರಿ ಕಂಪನಿಯ ಕೊನೆಯ ಕಲ್ಲಿದ್ದಲು ಗಣಿಯೂ ಮುಚ್ಚಿತು. ದುಡಿಯುವ ವಯಸ್ಸಿನವರು ಆಲ್ಬರ್ಟಾ, ಟೊರೊಂಟೊ ಎಂದು ಹೊರಟರು, ಉಳಿದವರಿಗೆ ವಯಸ್ಸಾಯಿತು. ಹೊರಗಿನಿಂದ ಜನ ಬಾರದಿದ್ದರೆ ಉಳಿಗಾಲವಿಲ್ಲ ಎಂದು 2014ರಲ್ಲಿ ಪ್ರಾಂತ್ಯವೇ ನೇಮಿಸಿದ ಐವನಿ ಆಯೋಗ ಎಚ್ಚರಿಸಿತು. 2017ರಲ್ಲಿ ಅಟ್ಲಾಂಟಿಕ್ ತೀರದ ನಾಲ್ಕೂ ಪ್ರಾಂತ್ಯಗಳಿಗೆ ಒಂದು ಪ್ರಾಯೋಗಿಕ ವಲಸೆ ಯೋಜನೆ ಶುರುವಾಯಿತು. 2022ರ ಜನವರಿಯಿಂದ ಅದು ಕಾಯಂ ಆಗಿದೆ.

ನನಗೆ ಈ ಊರಿನ ಹೆಸರಿನ ಕಥೆ ಬಿಡಲಾರದಷ್ಟು ಇಷ್ಟ. 1785ರಲ್ಲಿ ಇದನ್ನು ಕಟ್ಟಿಸಿದ ಡೆಸ್‌ಬಾರ್ಸ್ ಎಂಬ ಸೇನಾಧಿಕಾರಿ, ಲಂಡನ್ನಿನಲ್ಲಿ ಮಂತ್ರಿಯಾಗಿದ್ದ ಲಾರ್ಡ್ ಸಿಡ್ನಿಯ ಹೆಸರಿಟ್ಟ. ಮೂರು ವರ್ಷದ ನಂತರ, 1788ರಲ್ಲಿ, ಆಸ್ಟ್ರೇಲಿಯಾದ ಕೊಲ್ಲಿಯೊಂದಕ್ಕೂ ಅದೇ ಮಂತ್ರಿಯ ಹೆಸರು ಬಿತ್ತು. ಹಿರಿಯ ಸಿಡ್ನಿ ಇದು, ದೊಡ್ಡದಾಗಿ ಬೆಳೆದದ್ದು ಅದು. 2002ರಲ್ಲಿ ಆಸ್ಟ್ರೇಲಿಯಾಕ್ಕೆಂದು ಟಿಕೆಟ್ ಮಾಡಿಸಿದ ಬ್ರಿಟನ್ನಿನ ಯುವ ಜೋಡಿಯೊಂದು ಇಲ್ಲಿ ಬಂದಿಳಿಯಿತು. 2017ರಲ್ಲಿ ನೆದರ್‌ಲೆಂಡ್ಸಿನ ಹದಿನೆಂಟರ ಹುಡುಗನೊಬ್ಬ ಕಡಿಮೆ ದರದ ಟಿಕೆಟ್ ಸಿಕ್ಕಿತೆಂದು ಹೊರಟು, ಇಲ್ಲಿಗೆ ಬರುವ ಪುಟ್ಟ ವಿಮಾನವನ್ನು ಕಂಡಾಗಲೇ ಎಲ್ಲೋ ಎಡವಟ್ಟಾಗಿದೆ ಎಂದು ಅರಿತ. ಹಾಗೆ ಇಳಿದವರ ಕಣ್ಣಿಗೆ ಬೀಳುವುದು ಒಪೆರಾ ಹೌಸ್ ಅಲ್ಲ, ಬಂದರಿನ ದಡದಲ್ಲಿ ಹಲವು ಅಂತಸ್ತು ಎತ್ತರಕ್ಕೆ ನಿಲ್ಲಿಸಿದ ಲೋಹದ ಪಿಟೀಲು. ಸ್ಕಾಟ್‌ಲೆಂಡಿನಿಂದ ಬಂದು ನೆಲೆಸಿದವರು ತಂದ ಸಂಗೀತದ ನೆನಪಿಗೆ ಅದು. ನಾನು ಅದರ ಕೆಳಗೆ ನಿಂತು ಕತ್ತು ನೋಯುವಷ್ಟು ಹೊತ್ತು ನೋಡಿದೆ.

ವಲಸೆಯ ಲೆಕ್ಕದಲ್ಲೂ ಎರಡು ಸಿಡ್ನಿಗಳು ತದ್ವಿರುದ್ಧ. ಆಸ್ಟ್ರೇಲಿಯಾದಲ್ಲಿ 2019ರ ನವೆಂಬರ್‌ನಿಂದ ಜಾರಿಯಲ್ಲಿರುವ 491 ವೀಸಾಕ್ಕೆ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದದ್ದೆಲ್ಲ ‘ಪ್ರಾದೇಶಿಕ’. ಪರ್ತ್, ಅಡಿಲೇಡ್‌ನಂಥ ಮಹಾನಗರಗಳೂ ಅದರಲ್ಲಿ ಸೇರುತ್ತವೆ. ಈ ವೀಸಾಕ್ಕೆ ಹೆಚ್ಚುವರಿ 15 ಅಂಕ ಸಿಗುತ್ತದೆ. ಆದರೆ ಕೈಗೆ ಬರುವುದು ಐದು ವರ್ಷದ ತಾತ್ಕಾಲಿಕ ಪರವಾನಗಿ. ಆ ಪ್ರದೇಶದೊಳಗೇ ಇದ್ದು, ಓದಿ, ದುಡಿಯಬೇಕೆಂಬ ಷರತ್ತಿಗೆ ಒಳಪಟ್ಟು ಮೂರು ವರ್ಷ ಕಳೆದ ಮೇಲಷ್ಟೇ ಕಾಯಂ ವಾಸಕ್ಕೆ ಅರ್ಜಿ. ಕೆನಡಾದ ಅಟ್ಲಾಂಟಿಕ್ ಯೋಜನೆಯಲ್ಲಿ ನೇರವಾಗಿ ಪಿಆರ್, ಅಂದರೆ ಕಾಯಂ ವಾಸ. ಪಿಆರ್ ಬಂದ ದಿನವೇ ಪೆಟ್ಟಿಗೆ ಕಟ್ಟಿ ಟೊರೊಂಟೊಗೆ ಹೊರಟರೂ ತಡೆಯುವಂತಿಲ್ಲ. ದೇಶದೊಳಗೆ ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ಅಲ್ಲಿನ ಸಂವಿಧಾನದ್ದು. ಹಾಗೆ ಹೋಗುವವರು ಇದ್ದಾರೆ, ಅದು ಇಲ್ಲಿಯವರ ಹಳೆಯ ಕೊರಗು. ನನ್ನ ಮಟ್ಟಿಗೆ ಕೆನಡಾದ ಕ್ರಮವೇ ಮೇಲು. ಕಾನೂನಿಗೆ ಹೆದರಿ ಒಂದೂರಿನಲ್ಲಿ ಮೂರು ವರ್ಷ ಎಣಿಸುತ್ತ ಕೂತವನಿಗಿಂತ, ಹೋಗಬಹುದಾಗಿದ್ದರೂ ಉಳಿದವನಿಂದ ಊರಿಗೆ ಹೆಚ್ಚು ಲಾಭ.

ಕೆನಡಾ ಪರೀಕ್ಷೆ ಮಾಡುವುದು ಮೊದಲೇ. ಹುಡುಗ ತನ್ನ ಫೈಲನ್ನು ಅಡುಗೆಮನೆಯ ಮೇಜಿನ ಮೇಲೆ ಒಂದೊಂದೇ ಹಾಳೆಯಾಗಿ ಹರಡಿದ. ಓದಿದ್ದು ಕನಿಷ್ಠ ಎರಡು ವರ್ಷದ ಕೋರ್ಸ್ ಆಗಿರಬೇಕು. ಪದವಿ ಸಿಗುವ ಹಿಂದಿನ ಎರಡು ವರ್ಷದಲ್ಲಿ 16 ತಿಂಗಳಾದರೂ ಅಟ್ಲಾಂಟಿಕ್ ಪ್ರಾಂತ್ಯದಲ್ಲಿ ವಾಸವಿದ್ದಿರಬೇಕು. ಅದಕ್ಕೆ ಪುರಾವೆಯಾಗಿ ಬಾಡಿಗೆ ರಸೀದಿಗಳ ಕಟ್ಟು, ಮೂಲೆಗೆ ಸ್ಟೇಪಲ್ ಹೊಡೆದು ತಿಂಗಳುವಾರು ಜೋಡಿಸಿಟ್ಟಿದ್ದ. ಪ್ರಾಂತ್ಯ ಮಾನ್ಯ ಮಾಡಿದ ಉದ್ಯೋಗದಾತರಿಂದ ಕೆಲಸದ ಪತ್ರ ಬೇಕು. ಪದವಿ ಮುಗಿದು 24 ತಿಂಗಳೊಳಗಿದ್ದರೆ ಕೆಲಸದ ಅನುಭವ ಕೇಳುವುದಿಲ್ಲ, ಹೊಸ ಪದವೀಧರರಿಗೆ ದೊಡ್ಡ ವರ ಇದು. ಟೊರೊಂಟೊದಲ್ಲಿ ಪಿಆರ್ ಅಂಕಗಳ ಪೈಪೋಟಿಗೆ ಬಿದ್ದು 500 ದಾಟಲಾಗದೆ ಕೂತಿರುವ ಅವನ ಗೆಳೆಯರಿಗೆ ಈ ಅನುಕೂಲವಿಲ್ಲ.

ಕೆಲಸ ಮಾತ್ರ ವರ್ಷಪೂರ್ತಿಯದಾಗಿರಬೇಕು, ಹಂಗಾಮಿನದು ನಡೆಯುವುದಿಲ್ಲ. ಲಾಬ್‌ಸ್ಟರ್ ಮತ್ತು ಪ್ರವಾಸಿಗರನ್ನು ನಂಬಿದ ಕೇಪ್ ಬ್ರೆಟನ್ ದ್ವೀಪದಲ್ಲಿ ಇದೇ ಕಠಿಣ ಷರತ್ತು. ಹುಡುಗ ಮೀನು ಸಂಸ್ಕರಣಾ ಘಟಕದಲ್ಲಿ ಸೇರಿದ್ದು ಬೇಸಿಗೆಯ ಕೂಲಿಗೆ: ಕ್ರೇಟು ತೂಗುವುದು, ಕೊಂಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಲಾಬ್‌ಸ್ಟರುಗಳನ್ನು ಗಾತ್ರ ನೋಡಿ ಬೇರ್ಪಡಿಸುವುದು. ಅಲ್ಲಿಂದ ಸ್ಟೋರ್ಸ್ ಲೆಕ್ಕದ ಕಾಯಂ ಕೆಲಸಕ್ಕೆ ಬಡ್ತಿ ಪಡೆಯಲು ಒಂದು ಚಳಿಗಾಲ ಹಿಡಿಯಿತು. ‘ಆ ಚಳಿಗಾಲ ಅವ್ವಗ ಏನೂ ಹೇಳಿರ್ಲಿಲ್ರೀ’ ಎಂದ. ಫೈಲಿನ ಕೊನೆಯ ಹಾಳೆ ‘ಸೆಟಲ್‌ಮೆಂಟ್ ಪ್ಲಾನ್’. ಊರಲ್ಲಿ ನೆಲೆಯೂರಲು ಏನೇನು ಬೇಕು, ಯಾರ ನೆರವು ಸಿಗುತ್ತದೆ ಎಂದು ಸಂಸ್ಥೆಯೊಂದು ಜೊತೆಗೆ ಕೂತು ಪುಕ್ಕಟೆ ಬರೆದುಕೊಡುವ ಯೋಜನೆ. ಬರುವವನನ್ನು ‘ಇಲ್ಲಿ ಹೇಗೆ ಬದುಕುತ್ತೀಯಪ್ಪ?’ ಎಂದು ಕೇಳುವ ಸರ್ಕಾರಿ ಕಾಗದವನ್ನು ನಾನು ನೋಡಿದ್ದು ಇದೇ ಮೊದಲು.

ಹೊರಗಿನವರು ಬರುವುದು ಈ ಊರಿಗೆ ಹೊಸದೂ ಅಲ್ಲ. ಉಕ್ಕಿನ ಕಾರ್ಖಾನೆಯ ಪಕ್ಕದ ವಿಟ್ನಿ ಪಿಯರ್ ಎಂಬ ಬಡಾವಣೆಗೆ ಒಂದು ಕಾಲದಲ್ಲಿ ಬಾರ್ಬಡೋಸ್, ಉಕ್ರೇನ್, ಪೋಲೆಂಡ್, ಇಟಲಿಯಿಂದ ಜನ ಬಂದಿದ್ದರು. ಯಹೂದಿಗಳ ಪ್ರಾರ್ಥನಾ ಮಂದಿರವಾಗಿದ್ದ ಕಟ್ಟಡವೇ ಈಗ ಅಲ್ಲಿನ ವಸ್ತುಸಂಗ್ರಹಾಲಯ. ಕಾರ್ಖಾನೆ ಇದ್ದ ಜಾಗದಲ್ಲಿ 2013ರಿಂದ ಉದ್ಯಾನವಿದೆ. ಸಂಜೆ ಅಲ್ಲಿ ಮಲಯಾಳ, ಪಂಜಾಬಿ, ಗುಜರಾತಿ ಕಿವಿಗೆ ಬಿದ್ದವು. ಕನ್ನಡದವರು ಬೆರಳೆಣಿಕೆಯಷ್ಟೆಂದು ಹುಡುಗ ಹೇಳಿದ.

ವಿದ್ಯಾರ್ಥಿಗಳನ್ನು ಕರೆಸಿಕೊಂಡ ಉತ್ಸಾಹಕ್ಕೆ ತಕ್ಕಂತೆ ಊರು ಸಿದ್ಧವಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಮನೆಗಳಿರಲಿಲ್ಲ, ಬಸ್ಸುಗಳು ಸಾಲಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬಾಡಿಗೆ ಮನೆಯೊಂದಕ್ಕೆ ಬೆಂಕಿ ಬಿದ್ದು ಭಾರತದ ವಿದ್ಯಾರ್ಥಿಯೊಬ್ಬ ಸತ್ತ. ಶುಲ್ಕ ಎಣಿಸಿಕೊಳ್ಳುವ ಮುನ್ನ ಹಾಸಿಗೆ ಎಣಿಸಬೇಕಿತ್ತು.

ನನಗೆ ಹೆಚ್ಚು ಸಿಟ್ಟು ಬರಿಸಿದ್ದು ನಡುವೆಯೇ ಬದಲಾಗುವ ನಿಯಮ. 2024ರ ಜನವರಿಯಲ್ಲಿ ಕೆನಡಾ ಹೊಸ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಅದೇ ನವೆಂಬರ್‌ನಿಂದ ಪದವಿಯಲ್ಲದ ಡಿಪ್ಲೊಮಾಗಳಿಗೆ, ವಿಷಯ ಸರ್ಕಾರದ ಪಟ್ಟಿಯಲ್ಲಿದ್ದರಷ್ಟೇ ಓದಿನ ನಂತರದ ಕೆಲಸದ ಪರವಾನಗಿ. 2025ಕ್ಕೆ, ಪಿಆರ್‌ಗೆ ಪ್ರಾಂತ್ಯಗಳೇ ಹೆಸರು ಸೂಚಿಸುವ ಪ್ರಾಂತೀಯ ನಾಮನಿರ್ದೇಶನದ ಗುರಿಯನ್ನು 1,20,000ದಿಂದ 55,000ಕ್ಕೆ ಇಳಿಸಿತು. ನೆರೆಯ ಪ್ರಿನ್ಸ್ ಎಡ್ವರ್ಡ್ ದ್ವೀಪ 2024ರಲ್ಲೇ ತನ್ನ ನಾಮನಿರ್ದೇಶನಗಳನ್ನು ಕಾಲುಭಾಗ ಕಡಿತ ಮಾಡಿ, ಅಂಗಡಿ–ಹೋಟೆಲ್ ಕೆಲಸದವರನ್ನು ಹಿಂದಕ್ಕೆ ತಳ್ಳಿತು. ಅಲ್ಲಿನ ಷಾರ್ಲಟ್‌ಟೌನ್‌ನಲ್ಲಿ ಹೆಚ್ಚಾಗಿ ಭಾರತದವರೇ ಇದ್ದ ವಲಸೆ ಕೆಲಸಗಾರರು ಆ ಮೇ ತಿಂಗಳಲ್ಲಿ ಉಪವಾಸ ಕೂತರು. ಮನೆ, ಆಸ್ಪತ್ರೆ ಸಾಲುತ್ತಿಲ್ಲ ಎಂಬ ಸರ್ಕಾರದ ಮಾತು ಸುಳ್ಳಲ್ಲ. ಮುಂದೆ ಬರುವವರಿಗೆ ಬಾಗಿಲು ಕಿರಿದು ಮಾಡುವುದು ಯಾವ ದೇಶಕ್ಕಾದರೂ ಇರುವ ಅಧಿಕಾರ. ಆದರೆ ಆಗಲೇ ಕರೆಸಿಕೊಂಡು, ಶುಲ್ಕ ಕಟ್ಟಿಸಿಕೊಂಡು, ಎರಡು ಚಳಿಗಾಲ ದುಡಿಸಿಕೊಂಡವರಿಗೆ ಅವರು ಬಂದಾಗ ಇದ್ದ ನಿಯಮವೇ ಅನ್ವಯವಾಗಬೇಕು. ಇದರಲ್ಲಿ ನನಗೆ ರಾಜಿಯಿಲ್ಲ.

ಹಾವೇರಿಯಲ್ಲೋ ಹಾಸನದಲ್ಲೋ ಹೊಲದ ಮೇಲೆ ಸಾಲ ತೆಗೆದು ಮಕ್ಕಳನ್ನು ಕಳಿಸಲು ಹೊರಟವರಿಗೆ ಒಂದು ಮಾತು. ‘ಸಣ್ಣ ಊರು, ಸುಲಭ ಪಿಆರ್’ ಎನ್ನುವ ಏಜೆಂಟರನ್ನು, ಈ ಕೋರ್ಸ್ ಇಂದಿನ ಪಟ್ಟಿಯಲ್ಲಿದೆಯೇ, ಮುಗಿದ ಮೇಲೆ ಕೆಲಸದ ಪರವಾನಗಿ ಸಿಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಆ ಪ್ರಾಂತ್ಯದಲ್ಲಿ ಮಾನ್ಯತೆ ಪಡೆದ ಉದ್ಯೋಗದಾತರು ಯಾರು, ಯಾವ ಕೆಲಸ ವರ್ಷಪೂರ್ತಿ ಇರುತ್ತದೆ ಎಂಬುದನ್ನು ನೀವೇ ಸರ್ಕಾರಿ ಜಾಲತಾಣದಲ್ಲಿ ನೋಡಿ. ಅಲ್ಲಿ ಈಗಾಗಲೇ ಇರುವ ಒಬ್ಬ ವಿದ್ಯಾರ್ಥಿಯ ಜೊತೆ, ಸಾಧ್ಯವಾದರೆ ಜನವರಿಯಲ್ಲಿ, ಫೋನಿನಲ್ಲಿ ಮಾತನಾಡಿ. ಮೊದಲ ಕಂತಿನ ಶುಲ್ಕ ಕಟ್ಟುವುದು ಅದಾದ ಮೇಲಿರಲಿ.