ಸೀತಾಳೆಗೊಂದು ಮನೆ

ಮನುಷ್ಯನು ತನಗೆ ಮನೆ ಕಟ್ಟಿಕೊಳ್ಳುವುದು ಸಹಜ. ಹಸುವಿಗೆ ಕೊಟ್ಟಿಗೆ, ದೇವರಿಗೆ ಗುಡಿ, ಪುಸ್ತಕಗಳಿಗೆ ಬೀರು ಮಾಡಿಸುವುದೂ ಸಹಜವೇ. ಆದರೆ ಗಿಡಕ್ಕೆಂದು ಮನೆ ಕಟ್ಟಿಸುವವನನ್ನು ಕಂಡರೆ ನೆರೆಹೊರೆಯವರು ತುಸು ನಗುವುದುಂಟು. ಗಿಡದ ಮನೆ ಬಯಲೇ ಅಲ್ಲವೆ? ಮಳೆ ಬಿಸಿಲುಗಳಲ್ಲಿ ಬೆಳೆಯಬೇಕಾದುದಕ್ಕೆ ಗೋಡೆಯೇಕೆ, ಸೂರೇಕೆ? ಮೈಸೂರಿನ ನಮ್ಮ ಹಿತ್ತಲಿನಲ್ಲಿ ೧೦ ಅಡಿ ಉದ್ದ, ೮ ಅಡಿ ಅಗಲದ ಒಂದು ಹಸಿರುಮನೆಯನ್ನು ಎಬ್ಬಿಸಿದಾಗ ಈ ಪ್ರಶ್ನೆಯನ್ನು ನನಗೆ ಹಾಕದವರಿಲ್ಲ. ಅಂದು ನನ್ನಲ್ಲಿ ಉತ್ತರ ಸಿದ್ಧವಾಗಿತ್ತು. ಅದು ತಪ್ಪು ಉತ್ತರವೆಂದು ತಿಳಿಯುವುದಕ್ಕೆ ಒಂದು ಬೇಸಗೆ ಕಳೆಯಬೇಕಾಯಿತು.

ಮನೆಯನ್ನು ಕಟ್ಟಿಸಿದುದು ಒಂದೇ ಒಂದು ಗಿಡದ ಸಲುವಾಗಿ. ಮಲೆನಾಡಿನವರು ಅದನ್ನು ಸೀತಾಳೆ ದಂಡೆ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ಅದು ರಿಂಕೋಸ್ಟೈಲಿಸ್ ರೆಟುಸ. ಮರದ ಕೊಂಬೆಯನ್ನು ಬೇರುಗಳಿಂದ ಅಪ್ಪಿ ಬೆಳೆಯುವ ಆರ್ಕಿಡ್ ಜಾತಿಯ ಸಸ್ಯವದು. ಮರವನ್ನು ಆಶ್ರಯಿಸುವುದೇ ಹೊರತು ಅದರ ರಸವನ್ನು ಹೀರುವುದಿಲ್ಲ. ಆದುದರಿಂದ ಅದನ್ನು ಬಂದಳಿಕೆಗಳ ಸಾಲಿಗೆ ಸೇರಿಸುವುದು ಅನ್ಯಾಯ. ಮಳೆಗಾಲ ಹಿಡಿಯುವ ಹೊತ್ತಿಗೆ ಬಿಳುಪೂ ನಸುನೇರಿಳೆಯೂ ಬೆರೆತ ಸಣ್ಣ ಸಣ್ಣ ಹೂಗಳ ಒಂದು ಗೊಂಚಲು ಜಡೆಯಂತೆ ಇಳಿಬೀಳುತ್ತದೆ. ಸೀತಾದೇವಿಯ ಮುಡಿಗೆ ಏರಿದ ದಂಡೆಯಿದು ಎಂಬ ಭಾವನೆ ಹೆಸರಿನಲ್ಲಿಯೇ ಅಡಗಿದೆ. ದೂರದ ಅಸ್ಸಾಮಿನಲ್ಲಿ ಇದೇ ಹೂವು ರಾಜ್ಯಪುಷ್ಪ. ಬಿಹು ಹಬ್ಬದಲ್ಲಿ ಅಲ್ಲಿನ ಹೆಣ್ಣುಮಕ್ಕಳು ಇದನ್ನು ಮುಡಿದು ಕುಣಿಯುತ್ತಾರೆ.

ನನ್ನ ತಾಯಿ ತೀರ್ಥಹಳ್ಳಿಯ ಕಡೆಯವರು. ಮದುವೆಯಾಗಿ ಮೈಸೂರಿಗೆ ಬಂದ ಕೆಲವು ವರ್ಷಗಳ ಮೇಲೆ, ಒಂದು ಮಳೆಗಾಲದಲ್ಲಿ, ತವರುಮನೆಯ ಅಂಗಳದಲ್ಲಿ ಗಾಳಿಗೆ ಮುರಿದುಬಿದ್ದ ಹಲಸಿನ ಕೊಂಬೆಯಿಂದ ಈ ಗಿಡವನ್ನು ಬಿಡಿಸಿ, ಹಸಿಬಟ್ಟೆಯಲ್ಲಿ ಸುತ್ತಿ ತಂದು, ನಮ್ಮ ಹಿತ್ತಲಿನ ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿದರು. ಅಲ್ಲಿ ಅದು ಮೂವತ್ತು ವರ್ಷಗಳಿಗೂ ಮೀರಿ ಬಾಳಿತು. ಹೂ ಬಿಟ್ಟ ದಿನ ತಾಯಿ ತವರಿಗೆ ಕಾಗದ ಬರೆಯುತ್ತಿದ್ದರು. ಕಾಗದದ ಕಾಲ ಹೋದ ಮೇಲೆ ದೂರವಾಣಿಯಲ್ಲಿ ತಿಳಿಸುತ್ತಿದ್ದರು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಕೊನೆಗೆ ಎರಡೂ ಕಡೆ ಮೌನದಲ್ಲಿ ಮುಗಿಯುತ್ತಿದ್ದುದನ್ನು ನಾನು ಬಲ್ಲೆ.

ಆ ಮಾವಿನ ಮರವನ್ನು ಕಡಿಸಿದವನು ನಾನು. ಅದರ ಬೇರು ಮನೆಯ ಅಡಿಪಾಯಕ್ಕೆ ನುಗ್ಗಿ ಗೋಡೆ ಬಿರುಕು ಬಿಟ್ಟಿತ್ತು, ಕಾರಣವೇನೋ ಸರಿಯಾದುದೇ. ತಾಯಿ ಬೇಡವೆನ್ನಲಿಲ್ಲ. ಸೀತಾಳೆಯನ್ನು ತೊಗಟೆಸಹಿತ ಬಿಡಿಸಿಕೊಂಡು ಕಾಂಪೌಂಡಿನ ಗೋಡೆಗೆ ತೂಗುಹಾಕಿದರು. ಆರು ತಿಂಗಳೊಳಗೆ ಅದರ ದಪ್ಪ ಎಲೆಗಳು ಸುಕ್ಕುಗಟ್ಟಿದುವು. ಬೆಳ್ಳಿಯ ಬಣ್ಣದ ಬೇರುಗಳು ಒಣಗಿದ ಹುರಿಯಂತಾದುವು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೮೦೦ ಮಿಲಿಮೀಟರು. ತೀರ್ಥಹಳ್ಳಿಯಲ್ಲಿ ಅದರ ಮೂರು ಪಟ್ಟಿಗೂ ಮಿಗಿಲು. ಮಲೆನಾಡಿನ ಗಿಡ ಬಯಲುಸೀಮೆಯಲ್ಲಿ ಬದುಕಬೇಕಾದರೆ ಅದಕ್ಕೆ ಬೇರೆಯದೇ ಒಂದು ಹವೆಯನ್ನು ನಿರ್ಮಿಸಿಕೊಡಬೇಕೆಂದು ನಾನು ನಿಶ್ಚಯಿಸಿದೆ. ಕಡಿಸಿದವನಿಗೆ ಕಟ್ಟಿಸುವ ಆತುರವೂ ಹೆಚ್ಚು.

ಮೇಷ್ಟ್ರಾದವನು ಯಾವ ಕೆಲಸಕ್ಕೂ ಮೊದಲು ಪುಸ್ತಕ ಹುಡುಕುತ್ತಾನೆ. ಪುಸ್ತಕಗಳಲ್ಲಿ ದೊರೆತುದು ಗಾಜಿನ ಮನೆಯ ರಮ್ಯವಾದ ಚರಿತ್ರೆ. ರೋಮಿನ ಚಕ್ರವರ್ತಿ ಟೈಬೀರಿಯಸ್ಸನಿಗೆ ಸೌತೆಯ ಜಾತಿಯ ಒಂದು ಕಾಯಿ ದಿನವೂ ಊಟಕ್ಕೆ ಬೇಕಾಗಿತ್ತಂತೆ. ಅದಕ್ಕಾಗಿ ತೋಟಗಾರರು ಚಕ್ರವಿರುವ ಪಾತಿಗಳನ್ನು ಮಾಡಿ ಬಿಸಿಲಿಗೆ ಉರುಳಿಸುತ್ತಿದ್ದರು; ಚಳಿಯ ದಿನಗಳಲ್ಲಿ ಪಾರದರ್ಶಕವಾದ ಕಲ್ಲಿನ ಹಲಗೆಗಳನ್ನು ಮುಚ್ಚುತ್ತಿದ್ದರು ಎಂದು ಪ್ಲಿನಿ ಬರೆದಿದ್ದಾನೆ. ಮುಂದೆ ಯೂರೋಪಿನ ಅರಸರು ಕಿತ್ತಳೆ ಮರಗಳನ್ನು ಹಿಮದಿಂದ ಕಾಪಾಡಲು ದೊಡ್ಡ ಕಿಟಕಿಗಳ ಭವನಗಳನ್ನೇ ಎಬ್ಬಿಸಿದರು. ಲಂಡನ್ನಿನಲ್ಲಿ ೧೮೫೧ರ ಮಹಾ ಪ್ರದರ್ಶನಕ್ಕೆ ಸ್ಫಟಿಕದ ಅರಮನೆಯನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಗಿಡಗಳಿಗೆ ಗಾಜಿನ ಮನೆ ಕಟ್ಟಿ ಪಳಗಿದ ಕೈ ಅವನದು.

ಈ ಮನೆಗಳ ಗುಟ್ಟು ಸರಳ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಬಿಸಿಲು ನೆಲವನ್ನು ಕಾಯಿಸುತ್ತದೆ. ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಯಲಿನಲ್ಲಾದರೆ ಕಾದ ಗಾಳಿ ಮೇಲೇರಿ ಹೋಗುತ್ತದೆ, ತಣ್ಣನೆಯ ಗಾಳಿ ಆ ಎಡೆಗೆ ಬರುತ್ತದೆ. ಗಾಜಿನ ಮನೆಯಲ್ಲಿ ಅದಕ್ಕೆ ದಾರಿಯಿಲ್ಲ. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ೧೯೦೯ರಲ್ಲಿ ಪುಟ್ಟ ಪೆಟ್ಟಿಗೆಗಳಿಂದ ಪರೀಕ್ಷಿಸಿ, ಒಳಗಿನ ಸೆಕೆಗೆ ಮುಖ್ಯ ಕಾರಣ ಹೀಗೆ ಗಾಳಿ ಸೆರೆಯಾಗುವುದೇ ಎಂದು ತೋರಿಸಿದ. ಗಾಜಿನ ಮನೆಯೆಂದರೆ ಬಿಸಿಲಿಗೆ ಹಾಕಿದ ಬಲೆ.

ಇಷ್ಟನ್ನು ಓದಿ ತಿಳಿದವನು ಮುಂದಿನ ಮಾತನ್ನು ಯೋಚಿಸಬೇಕಾಗಿತ್ತು. ನಾನು ಯೋಚಿಸಲಿಲ್ಲ. ಹಳೆಯ ಮನೆಗಳನ್ನು ಕೆಡವಿದಲ್ಲಿ ಸಿಕ್ಕಿದ ತೇಗದ ಕಿಟಕಿಗಳನ್ನು ಕೊಂಡುತಂದು, ಅವುಗಳನ್ನೇ ಗೋಡೆಯಾಗಿ ಜೋಡಿಸಿ, ಮೇಲೆ ಪಾಲಿಥೀನಿನ ಹಾಳೆ ಹೊದಿಸಿ, ಬಾಗಿಲಿಗೆ ಚಿಲಕ ಇಡಿಸಿದೆ. ಚಳಿಗಾಲದಲ್ಲಿ ಮನೆ ಸೊಗಸಾಗಿಯೇ ಕಂಡಿತು. ಗಾಜಿನ ಮೇಲೆ ಬೆಳಗಿನ ಹನಿ ಕೂಡುವುದನ್ನು ಬಂದವರಿಗೆಲ್ಲ ತೋರಿಸಿದೆ. ತಾಯಿ ಮಾತ್ರ ಒಂದು ಸಲ ಒಳಗೆ ಕಾಲಿಟ್ಟು, “ಇದಕ್ಕೆ ಉಸಿರು ಕಟ್ಟುವುದಿಲ್ಲವೇನೋ?” ಎಂದು ಕೇಳಿ ಹೊರಗೆ ಬಂದರು.

ಶಿವರಾತ್ರಿ ಕಳೆಯಿತು. ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡುತ್ತೇನೆ, ಹೊರಗೆ ೩೪ ಡಿಗ್ರಿ ಇದ್ದರೆ ಒಳಗೆ ತೂಗಿದ್ದ ತಾಪಮಾಪಕ ೪೮ನ್ನು ಮುಟ್ಟಿತ್ತು. ಜೊತೆಗಿಟ್ಟಿದ್ದ ಜರಿಗಿಡಗಳು ಕರಿದ ಹಪ್ಪಳದಂತೆ ಮುರುಟಿದ್ದುವು. ಸೀತಾಳೆಯ ಏಳು ಎಲೆಗಳಲ್ಲಿ ಐದು ಬೆಂದು ಹಳದಿಯಾಗಿದ್ದುವು. ಬಾಗಿಲು ತೆರೆದಿಟ್ಟು ನೀರು ಚಿಮುಕಿಸಿದೆ. ಆ ಹಬೆಯಲ್ಲಿ ಬೂಷ್ಟು ಹಿಡಿದು ಉಳಿದ ಎರಡರಲ್ಲಿ ಒಂದು ಬುಡದಲ್ಲಿಯೇ ಕೊಳೆಯಿತು. ಆ ರಾತ್ರಿ ತಾಯಿಯ ಮುಖವನ್ನು ನೋಡುವುದು ನನಗೆ ಕಷ್ಟವಾಯಿತು.

ಮನೆಗೆ ಹಬ್ಬಹರಿದಿನಗಳಿಗೆ ವೀಳೆಯದೆಲೆ ತಂದುಕೊಡುವ ರೈತರೊಬ್ಬರಿದ್ದಾರೆ. ಅವರು ನನ್ನ ಗಾಜಿನ ಮನೆಯ ಸುತ್ತ ಒಂದು ಬಾರಿ ಬಂದು, “ಸ್ವಾಮಿ, ಇದನ್ನು ಮನೆ ಅನ್ನುವುದಿಲ್ಲ, ಒಲೆ ಅನ್ನುತ್ತಾರೆ. ನಾಳೆ ನಮ್ಮ ತೋಟಕ್ಕೆ ಬನ್ನಿ” ಎಂದರು. ಹೋದೆ.

ಮೈಸೂರಿನ ವೀಳೆಯದೆಲೆಯ ಕೀರ್ತಿಯನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ನಂಜನಗೂಡಿನ ರಸ್ತೆಯ ಕಡೆ ಒಂದು ಕಾಲಕ್ಕೆ ಹರಡಿಕೊಂಡಿದ್ದ ಎಲೆತೋಟಗಳು ನಗರ ಬೆಳೆದಂತೆ ಕುಗ್ಗುತ್ತ ಬಂದಿವೆ. ಉಳಿದ ಒಂದು ತೋಟದೊಳಗೆ ಕಾಲಿಟ್ಟಾಗ ಹೊರಗಿನ ಬೇಸಗೆ ಬಾಗಿಲಲ್ಲಿಯೇ ನಿಂತಂತಾಯಿತು. ಸಾಲಾಗಿ ನೆಟ್ಟ ಅಗಸೆ ಮರಗಳು; ಅವುಗಳ ಮೈಗೆ ಹಬ್ಬಿದ ಬಳ್ಳಿ; ನಡುನಡುವೆ ನುಗ್ಗೆ, ಬಾಳೆ; ಸುತ್ತಲೂ ಬಿರುಗಾಳಿಯನ್ನು ತಡೆಯುವ ಒತ್ತಾದ ಬೇಲಿ; ಕಾಲುವೆಗಳಲ್ಲಿ ನೀರಿನ ತೇವ. ಅಗಸೆಯ ಸಣ್ಣ ಎಲೆಗಳ ಮೂಲಕ ಬಿಸಿಲು ಸೋಸಿ ಬರುತ್ತಿತ್ತು. ಬಳ್ಳಿಗೆ ಬೆಳಕು ಬೇಕು, ಉರಿ ಬೇಡ; ತೇವ ಬೇಕು, ನಿಂತ ನೀರು ಬೇಡ; ಗಾಳಿಯ ಸುಳಿವು ಬೇಕು, ಹೊಡೆತ ಬೇಡ. ಈ ಮೂರನ್ನೂ ತೂಗಿ ಕೊಡುವ ಇದಕ್ಕಿಂತ ಹಳೆಯ ಹಸಿರುಮನೆ ನಮ್ಮಲ್ಲಿ ಇನ್ನಾವುದಿದೆ? ಬಂಗಾಳದಲ್ಲಿ ಇದೇ ಬಳ್ಳಿಗೆ ಬಿದಿರು ಜೊಂಡುಗಳಿಂದ ಗೋಡೆಯನ್ನೂ ಚಾವಣಿಯನ್ನೂ ಹೆಣೆದು ಬರೋಜವೆಂಬ ಮನೆಯನ್ನೇ ಕಟ್ಟುತ್ತಾರೆ. ನಮ್ಮವರು ಮರಗಳಿಂದಲೇ ಚಾವಣಿ ಮಾಡಿದರು.

ಅಲ್ಲಿ ನಿಂತಾಗ, ವರ್ಷವರ್ಷವೂ ತರಗತಿಯಲ್ಲಿ ಹೇಳುವ ಕಾವ್ಯಗಳು ಹೊಸದಾಗಿ ಅರ್ಥವಾದುವು. ಶಕುಂತಲೆ ತಾಪದಿಂದ ಬಳಲಿ ಮಲಗಿದುದು ಮಾಲಿನೀ ತೀರದ ಲತಾಮಂಟಪದಲ್ಲಿ. ಶ್ರೀಹರ್ಷನ ಸಾಗರಿಕೆ ಅರಸನ ಚಿತ್ರ ಬರೆದುದು ಕದಳೀಗೃಹದಲ್ಲಿ. ನಾಗವರ್ಮನ ಮೂಲಕ ಕನ್ನಡಿಗರಿಗೂ ಬಂಧುವಾದ ಬಾಣನ ಕಾದಂಬರಿಗೆ ಸಖಿಯರು ಅಣಿಮಾಡಿದುದು ಹಿಮಗೃಹವನ್ನು. ಇವನ್ನೆಲ್ಲ ನಾನು ಶೃಂಗಾರದ ಅಲಂಕಾರವೆಂದೇ ಪಾಠ ಹೇಳುತ್ತಿದ್ದೆ. ಬಿಸಿಲಿನ ನಾಡಿನ ಕವಿ ಗಿಡಗಳಿಂದ ಮನೆ ಕಟ್ಟಿದುದು ತಂಪಿಗಾಗಿ. ಚಳಿಯ ನಾಡಿನ ಶಿಲ್ಪಿ ಗಿಡಗಳಿಗೆ ಮನೆ ಕಟ್ಟಿದುದು ಸೆಕೆಗಾಗಿ. ನಾನು ಅವನ ಉತ್ತರವನ್ನು ತಂದು ನಮ್ಮ ಪ್ರಶ್ನೆಗೆ ಅಂಟಿಸಿದ್ದೆ.

ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಜಾನ್ ಕ್ಯಾಮೆರಾನ್ ಆ ತೋಟದ ಅಧಿಕಾರಿಯಾಗಿದ್ದಾಗ, ೧೮೮೯ರಲ್ಲಿ, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಸ್ತಿಭಾರವಿಟ್ಟ. ಮಾದರಿ ಲಂಡನ್ನಿನ ಸ್ಫಟಿಕದ ಅರಮನೆಯದೇ. ಆದರೆ ಒಳಗೆ ನಿಂತವನಿಗೆ ನಾಲ್ಕು ಕಡೆಯಿಂದಲೂ ಗಾಳಿ ಬೀಸುತ್ತದೆ. ಕಮಾನುಗಳ ಕೆಳಗೆ ಪಕ್ಕಗಳು ತೆರೆದೇ ಇವೆ. ಆಕಾರ ಹೊರಗಿನದಾದರೂ ಉಸಿರು ಇಲ್ಲಿಯದು. ಮುಚ್ಚಬಾರದೆಂಬ ವಿವೇಕ ಅಷ್ಟು ದೊಡ್ಡದಾಗಿ ಕಣ್ಣೆದುರಿಗಿದ್ದರೂ ನಾನು ಕಂಡುದು ಗಾಜನ್ನು ಮಾತ್ರ.

ಮರಳಿ ಬಂದು ಗಾಜನ್ನು ಕಳಚಿದೆ. ಅಂಥ ಮನೆ ಮಾಡಬಯಸುವವರಿಗೆ ಉಪಯೋಗವಾದೀತೆಂದು ಈಗಿನ ವಿವರಗಳನ್ನು ಬರೆಯುತ್ತೇನೆ. ಕಂಬಗಳು ೯ ಅಡಿ ಎತ್ತರ. ಚಾವಣಿ ತಗ್ಗಾದಷ್ಟೂ ಸೆಕೆ ಹೆಚ್ಚು. ಉದ್ದವನ್ನು ಉತ್ತರ ದಕ್ಷಿಣವಾಗಿ ಇಟ್ಟರೆ ನೆರಳು ದಿನವೆಲ್ಲ ಸರಿಯುತ್ತ ಎಲ್ಲ ಗಿಡಗಳಿಗೂ ಸಮನಾಗಿ ಸಲ್ಲುತ್ತದೆ. ಮೇಲೆ ಬಿಸಿಲನ್ನು ಅರ್ಧಕ್ಕೆ ತಗ್ಗಿಸುವ ಹಸಿರು ಬಲೆ. ಜರಿಗಿಡಗಳೇ ಹೆಚ್ಚಾಗಿದ್ದರೆ ಮುಕ್ಕಾಲು ಭಾಗ ತಡೆಯುವ ಬಲೆ ಲೇಸು. ಪಡುವಣ ಪಕ್ಕಕ್ಕೂ ಬಲೆ ಇಳಿಯಬಿಡಬೇಕು, ಮಧ್ಯಾಹ್ನದ ಬಿಸಿಲು ಬಲು ಕ್ರೂರ. ಮೂಡಣವನ್ನು ಎಳೆಬಿಸಿಲಿಗೆ ಬಿಟ್ಟುಕೊಡಬೇಕು. ನೆಲಕ್ಕೆ ಸಿಮೆಂಟು ಕೂಡದು. ಇಟ್ಟಿಗೆಯ ಚೂರು ಹರಡಿ ಮೇಲೆ ಮರಳು ಹಾಕಿ ಬೇಸಗೆಯಲ್ಲಿ ಅದನ್ನು ನೆನೆಸಿದರೆ, ನೀರು ಆವಿಯಾಗುವಾಗ ಸುತ್ತಲಿನ ಕಾವನ್ನು ತಾನು ಹೀರಿಕೊಳ್ಳುತ್ತದೆ. ಮಡಕೆಯ ನೀರು ತಣ್ಣಗಿರುವುದೂ ಇದರಿಂದಲೇ. ಕೊಳವೆಬಾವಿಯ ಗಡಸು ನೀರು ಬೇರುಗಳ ಮೇಲೆ ಉಪ್ಪಿನ ಪೊರೆ ಕಟ್ಟುತ್ತದೆ. ಚಾವಣಿಯ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದಿಟ್ಟರೆ ಆರ್ಕಿಡ್‌ಗಳಿಗೆ ಅದೇ ಅಮೃತ. ನೀರನ್ನು ಬೆಳಗ್ಗೆ ಹಾಕಬೇಕು. ಸಂಜೆ ಹಾಕಿದರೆ ಎಲೆಯ ಸಂದಿನ ತೇವ ರಾತ್ರಿಯೆಲ್ಲ ನಿಂತು ಕೊಳೆರೋಗಕ್ಕೆ ಎಡೆಯಾಗುತ್ತದೆ. ಸೀತಾಳೆಗೆ ಮಣ್ಣು ಬೇಡವೇ ಬೇಡ. ಮರದ ತುಂಡಿಗೆ ನಾರಿನಿಂದ ಕಟ್ಟಿದರೆ ಸಾಕು. ಕಾಡಿನಿಂದ ಕಿತ್ತು ತರುವುದಂತೂ ಸಲ್ಲದು. ಸಾಕಿ ಬೆಳೆಸಿದ ಸಸಿಗಳು ಈಗ ದೊರೆಯುತ್ತವೆ.

ಇಷ್ಟನ್ನೂ ಮಾಡಿ ಮುಗಿಸಿ ನೋಡಿದಾಗ ಒಂದು ಮಾತು ಹೊಳೆದು ನಾಚಿಕೆಯಾಯಿತು. ಅರ್ಧ ಬಿಸಿಲು, ಓಡಾಡುವ ಗಾಳಿ, ಬುಡದಲ್ಲಿ ತೇವ, ಮೇಲೆ ಮರೆ: ನಾನು ಇಷ್ಟು ಹಣವನ್ನೂ ಎರಡು ವರ್ಷವನ್ನೂ ವೆಚ್ಚಮಾಡಿ ಕಂಬ ಬಲೆಗಳಿಂದ ಕಟ್ಟಿದುದು ಒಂದು ಮಾವಿನ ಮರವನ್ನು! ಸೀತಾಳೆ ಮೂವತ್ತು ವರ್ಷ ಮೈಸೂರಿನಲ್ಲಿಯೇ ಇತ್ತು; ಮಲೆನಾಡಿನ ಮಳೆಯನ್ನು ಅದು ಎಂದೂ ಕೇಳಿರಲಿಲ್ಲ. ಕೇಳಿದುದು ನೆರಳನ್ನು ಮಾತ್ರ. ಅದನ್ನು ಕಸಿದುಕೊಂಡವನು ನಾನೇ.

ಉಳಿದಿದ್ದ ಒಂದೇ ಎಲೆಯ ಬುಡದಿಂದ ಮಳೆಗಾಲದಲ್ಲಿ ಒಂದು ಬೇರು ಮೂಡಿತು, ತುದಿಯಲ್ಲಿ ಹಸಿರು ಚುಕ್ಕಿಯಿಟ್ಟುಕೊಂಡು. ಈಗ ನಾಲ್ಕು ಎಲೆಗಳಿವೆ. ಹೂವು ಇನ್ನೂ ಬಂದಿಲ್ಲ. ತಾಯಿ ಬೆಳಗ್ಗೆ ಕೋಲೂರಿಕೊಂಡು ಹೋಗಿ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಆ ಮನೆಯೊಳಗೆ ಅವರಿಗೀಗ ಉಸಿರು ಕಟ್ಟುವುದಿಲ್ಲ.

ಗೋಡೆಯಿಂದ ಸಾಕಷ್ಟು ದೂರದಲ್ಲಿ, ಹಸಿರುಮನೆಯ ಪಕ್ಕಕ್ಕೆ, ಕಳೆದ ಮಳೆಯಲ್ಲಿ ಒಂದು ಮಾವಿನ ಸಸಿಯನ್ನು ನೆಟ್ಟಿದ್ದೇನೆ. ಅದು ಬೆಳೆದು ಕೊಂಬೆ ಚಾಚುವ ದಿನ ಈ ಕಂಬಗಳನ್ನೂ ಬಲೆಯನ್ನೂ ಬಿಚ್ಚಬಹುದು. ಆ ದಿನವನ್ನು ತಾಯಿ ನೋಡಲಾರರೇನೋ. ನಾನೂ ಬಹಳ ಕಾಯಬೇಕು. ಅಲ್ಲಿಯವರೆಗೆ ಸೀತಾಳೆ ಈ ಬಾಡಿಗೆಯ ನೆರಳಿನಲ್ಲಿ ಇರಲಿ.