ಓದಿಗೆ ಬಿಡುವು, ಮನಸ್ಸಿಗೆ ಚಿಕಿತ್ಸೆ

ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮಾಡುವಾಗ ಫ್ಯಾರಡೆಯ ಹೆಸರಿನೊಂದಿಗೆ 1831 ಎಂಬ ಇಸವಿಯನ್ನು ಕರಿಹಲಗೆಯ ಮೇಲೆ ಬರೆಯುತ್ತೇವೆ. ಕಾಂತಕ್ಷೇತ್ರವು ಧ್ರುವೀಕೃತ ಬೆಳಕಿನ ಕಂಪನತಲವನ್ನು ತಿರುಗಿಸುತ್ತದೆ ಎಂದು ಆತ ಕಂಡುಕೊಂಡದ್ದು 1845ರಲ್ಲಿ. ಇವೆರಡರ ನಡುವೆ ನಡೆದದ್ದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. 1839ರ ಕೊನೆಯ ಹೊತ್ತಿಗೆ ಆತನ ಆರೋಗ್ಯ ಕುಸಿದಿತ್ತು. ತಲೆಸುತ್ತು, ಮರೆವು, ತೀರದ ದಣಿವು. ರಾಯಲ್ ಇನ್‌ಸ್ಟಿಟ್ಯೂಷನ್ ಆತನ ಹೊರೆಯನ್ನು ಇಳಿಸಿತೇ ಹೊರತು ಸ್ಥಾನವನ್ನು ಕಿತ್ತುಕೊಳ್ಳಲಿಲ್ಲ. 1841ರಲ್ಲಿ ಹೆಂಡತಿಯೊಡನೆ ಸ್ವಿಟ್ಜರ್‌ಲೆಂಡಿಗೆ ಹೋದ ಫ್ಯಾರಡೆ, ಕೆಲವು ತಿಂಗಳು ಬೆಟ್ಟದ ದಾರಿಗಳಲ್ಲಿ ನಡೆದಾಡಿದ. ಕಾಯಿಲೆಗೆ ಅತಿಯಾದ ದುಡಿಮೆ ಕಾರಣವೋ, ಪ್ರಯೋಗಶಾಲೆಯ ಪಾದರಸವೋ ಎಂಬ ಚರ್ಚೆ ಇದೆ. ಅದೇನೇ ಇರಲಿ, ಮರಳಿ ಬರಲು ಆತನಿಗೊಂದು ಜಾಗವಿತ್ತು.

ನಮ್ಮ ಪದವಿ ಕಾಲೇಜುಗಳಲ್ಲಿ ಆ ಜಾಗ ಇದೆಯೇ? ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಬಿ.ಎಸ್ಸಿ. ತರಗತಿಯಲ್ಲಿ ಪ್ರಯೋಗಗಳನ್ನು ಬಹಳ ಅಚ್ಚುಕಟ್ಟಾಗಿ ಮಾಡುವ ಹುಡುಗನೊಬ್ಬನಿದ್ದ. ಕ್ರಮೇಣ ಅವನು ಬರುವುದು ಕಡಿಮೆಯಾಯಿತು. ಬಂದ ದಿನವೂ ಲೋಲಕದ ಆಂದೋಲನಗಳನ್ನು ಎಣಿಸುತ್ತಾ ನಡುವೆ ನಿಂತುಬಿಡುತ್ತಿದ್ದ. ಸೋಮಾರಿತನ ಎಂದುಕೊಂಡೆವು. ಹಾಜರಾತಿ ಶೇಕಡಾ 75 ಮುಟ್ಟಲಿಲ್ಲ, ಪರೀಕ್ಷೆಗೆ ಕೂರಿಸಲಿಲ್ಲ. ಕೊರತೆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಎರಡು ವರ್ಷಗಳ ನಂತರ ಟಿ.ಸಿ. ಪಡೆಯಲು ಬಂದ ಅವನ ತಂದೆ, "ಅವನಿಗೆ ರಾತ್ರಿಯೆಲ್ಲ ನಿದ್ದೆ ಇರ್ತಿರಲಿಲ್ಲ ಸಾರ್. ಡಾಕ್ಟ್ರಿಗೆ ತೋರಿಸಿದ ಮೇಲೆ ಸರಿಹೋದ. ಆದ್ರೆ ಮತ್ತೆ ಇಲ್ಲಿಗೆ ಬರೋಕೆ ಹೆದರ್ತಾನೆ" ಎಂದರು. ಒಂದು ರಜೆ ಅರ್ಜಿಯನ್ನು ನಾವು ಯಾರೂ ಬರೆಸಿರಲಿಲ್ಲ.

ಖಿನ್ನತೆಯಲ್ಲಿ ಕುಗ್ಗುವುದು ಉತ್ಸಾಹ ಒಂದೇ ಅಲ್ಲ. ಒಂದು ಸೂತ್ರವನ್ನು ಸಾಧಿಸುವಾಗ ನಾಲ್ಕನೆಯ ಹಂತವನ್ನು ಬರೆಯಬೇಕಾದರೆ ಎರಡನೆಯ ಹಂತ ಮನಸ್ಸಿನಲ್ಲಿ ನಿಂತಿರಬೇಕು. ಹೀಗೆ ಅರೆಕ್ಷಣ ಹಿಡಿದಿಟ್ಟುಕೊಳ್ಳುವ ಸ್ಮೃತಿ ಮತ್ತು ಏಕಾಗ್ರತೆ ಎರಡೂ ಈ ಕಾಯಿಲೆಯಲ್ಲಿ ಸೊರಗುತ್ತವೆ. ಹಗಲು ಕಲಿತದ್ದನ್ನು ಮೆದುಳು ಗಟ್ಟಿಮಾಡಿಕೊಳ್ಳುವುದು ಬಹುಮಟ್ಟಿಗೆ ನಿದ್ರೆಯಲ್ಲಿ. ಆ ನಿದ್ರೆಯೂ ಕೆಡುತ್ತದೆ. ಇಂಥವರಿಗೆ "ಮನಸ್ಸು ಗಟ್ಟಿ ಮಾಡಿಕೊಂಡು ಓದು" ಎನ್ನುವುದು ಜ್ವರ ಬಂದವರಿಗೆ ಮೈ ತಣ್ಣಗೆ ಮಾಡಿಕೋ ಎಂದಂತೆ. ಮನೋರೋಗಗಳಲ್ಲಿ ಬಹುಪಾಲು ಮೊದಲು ತಲೆದೋರುವುದು 25 ವರ್ಷದೊಳಗೆ, ಅಂದರೆ ನಮ್ಮ ಬೆಂಚುಗಳ ಮೇಲೆ ಕುಳಿತಿರುವ ವಯಸ್ಸಿನಲ್ಲೇ.

ಹಾಗೆಂದು ಎಲ್ಲರೂ ಕಾಲೇಜು ಬಿಟ್ಟು ಹೋಗಬೇಕಾಗಿಲ್ಲ. ಸೌಮ್ಯ ರೂಪದ ಖಿನ್ನತೆ, ಆತಂಕಗಳಿಗೆ ತರಗತಿಗೆ ಬರುತ್ತಲೇ ಚಿಕಿತ್ಸೆ ಪಡೆಯಬಹುದು. ಗೆಳೆಯರ ಒಡನಾಟವೂ ನೆರವಾಗುತ್ತದೆ. ವಾರಗಟ್ಟಲೆ ಊಟ, ನಿದ್ರೆ, ಓದು ಮೂರೂ ಕೆಟ್ಟಿದ್ದರೆ ಬಿಡುವಿನ ವಿಚಾರವನ್ನು ವೈದ್ಯರೊಂದಿಗೆ ಮಾತನಾಡಿ. ಸಾಯುವ ಮಾತು ಬಂದರೆ ಅರ್ಜಿ, ಹಾಜರಾತಿ ಎಲ್ಲವನ್ನೂ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಒಂಟಿಯಾಗಿ ಬಿಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಕನ್ನಡದಲ್ಲಿ ಹಗಲಿರುಳೂ ಮಾತನಾಡಬಹುದು.

ಬಿಡುವೇ ಚಿಕಿತ್ಸೆ ಎಂದು ತಿಳಿಯುವುದು ಇನ್ನೊಂದು ತಪ್ಪು. ಖಿನ್ನತೆಯ ಔಷಧಿಗಳು ಪರಿಣಾಮ ತೋರಲು ಕೆಲವು ವಾರಗಳು ಬೇಕು. ಗುಣವಾದಂತೆ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕಾಗುತ್ತದೆ. ತಾವಾಗಿಯೇ ನಿಲ್ಲಿಸಿದರೆ ಮರುಕಳಿಸುವ ಅಪಾಯವಿದೆ. ಆದ್ದರಿಂದ ತೀವ್ರವಾದ ಕಾಯಿಲೆಗೆ ಹತ್ತು ದಿನದ ರಜೆ ಸಾಲದು. ಇನ್ನು ಕೋಣೆಯ ಬಾಗಿಲು ಹಾಕಿಕೊಂಡು ನಸುಕಿನವರೆಗೆ ಮೊಬೈಲ್ ನೋಡಿ ಮಧ್ಯಾಹ್ನ ಏಳುವ ಬಿಡುವು ಕಾಯಿಲೆಯನ್ನೇ ಪೋಷಿಸುತ್ತದೆ. ದೇಹದ ಗಡಿಯಾರವನ್ನು ಸರಿಹೊಂದಿಸುವುದು ಬೆಳಗಿನ ಬೆಳಕು. ನಿಗದಿತ ಹೊತ್ತಿಗೆ ಏಳುವುದು, ಬಿಸಿಲಿನಲ್ಲಿ ನಡೆಯುವುದು, ತೋಟದಲ್ಲೋ ಅಂಗಡಿಯಲ್ಲೋ ಒಂದಿಷ್ಟು ಕೈಗೂಡಿಸುವುದು – ಇಂಥ ಚಿಕ್ಕ ಚಟುವಟಿಕೆಗಳನ್ನು ದಿನಚರಿಯಲ್ಲಿ ಬರೆಸುವುದೂ ಚಿಕಿತ್ಸೆಯ ಒಂದು ಕ್ರಮ.

ಇನ್ನು ಕಾಗದಪತ್ರದ ಮಾತು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಸೋಲುವುದು ಇಲ್ಲಿಯೇ. ಹೇಳದೆ ಕೇಳದೆ ಹೋದವನು ದಾಖಲೆಯಲ್ಲಿ ಗೈರುಹಾಜರಾದವನು. ಅರ್ಜಿ ಕೊಟ್ಟು ಹೋದವನು ರಜೆಯಲ್ಲಿರುವವನು. ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊಳ್ಳಿ. ಮರುಪ್ರವೇಶ ಯಾವ ಸೆಮಿಸ್ಟರಿಗೆ, ಪದವಿ ಮುಗಿಸಲು ಗರಿಷ್ಠ ಎಷ್ಟು ವರ್ಷ, ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಏನಾಗುತ್ತವೆ ಎಂಬುದನ್ನು ಮೊದಲೇ ಕೇಳಿ. ಕಾಯಿಲೆಯ ವಿವರ ಇಡೀ ಆಫೀಸಿಗೆ ತಿಳಿಯಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. 2021ರಲ್ಲಿ ಯುಜಿಸಿ ರೂಪಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳ ಪ್ರಕಾರ, ಖಾತೆಗೆ ಜಮೆಯಾದ ಕ್ರೆಡಿಟ್‌ಗಳು ಗರಿಷ್ಠ ಏಳು ವರ್ಷ ಉಳಿಯುತ್ತವೆ. ನಿಮ್ಮ ಖಾತೆಗೆ ಅವು ಜಮೆಯಾಗಿವೆಯೇ ನೋಡಿಕೊಳ್ಳಿ.

ಅಧ್ಯಾಪಕ ಮಿತ್ರರಿಗೆ ಒಂದು ಮಾತು. ಮರಳಿ ಬಂದವರನ್ನು ಕಂಗೆಡಿಸುವುದು ಪಾಠಕ್ಕಿಂತ ಹೆಚ್ಚಾಗಿ "ಎಲ್ಲಿ ಹೋಗಿದ್ದೆ?" ಎಂಬ, ತರಗತಿಯ ಎದುರಿನ ಪ್ರಶ್ನೆ. ಬಾಕಿ ಪ್ರಯೋಗಗಳೆಲ್ಲವನ್ನೂ ಮೊದಲ ವಾರವೇ ಕೇಳಬೇಡಿ. ನಾನು ಈಗ ಪ್ರತಿ ಸೆಮಿಸ್ಟರಿನ ಐದನೆಯ ವಾರ ಹಾಜರಾತಿ ಪುಸ್ತಕ ತೆರೆದು ಕುಳಿತುಕೊಳ್ಳುತ್ತೇನೆ. ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದವರಿಗೆ ಫೋನ್ ಮಾಡುತ್ತೇನೆ. ಹೆಚ್ಚಿನವರು ಅಕ್ಕನ ಮದುವೆಗೋ ಊರಿನ ಜಾತ್ರೆಗೋ ಹೋಗಿರುತ್ತಾರೆ. ಕಳೆದ ಬಾರಿ ಒಬ್ಬಳು ಮಾತ್ರ ಬಹಳ ಹೊತ್ತು ಏನನ್ನೂ ಹೇಳಲಿಲ್ಲ, ಆಮೇಲೆ, "ಅರ್ಜಿ ಹೇಗೆ ಬರೀಬೇಕು ಸಾರ್?" ಎಂದು ಕೇಳಿದಳು.